ಹಾಲಿನ ಡಿಗ್ರಿ ಕಮ್ಮಿ ಬಂದರೂ ಜಾಸ್ತಿ ಬರಿ ಅಂತಾರೆ. ಎಷ್ಟು ದಿನ ತಡೆಯಲಿ?

ಡೇರಿ ಅಕ್ಕ:
ನಮ್ಮೂರ ಹಾಲಿನ ಡೇರಿಯಲ್ಲಿ ನಾನು ಟೆಸ್ಟರ್. ಎರಡು ಹೊತ್ತೂ ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡಬೇಕು, ಫ್ಯಾಟ್ ಬರೆಯಬೇಕು. ನೀರು ಸೇರಿದರೆ ಡಿಗ್ರಿ ಇಳಿಯುತ್ತೆ. ಡೇರಿ ಸಂಘದ ಒಬ್ಬ ಡೈರೆಕ್ಟರ್ ಮನೆ ಹಾಲು 22ರ ಮೇಲೆ ಏಳುವುದೇ ಇಲ್ಲ. "28 ಅಂತ ಬರಿಯಮ್ಮ, ನಿಮ್ಮಪ್ಪನ ಗಂಟೇನು ಹೋಗುತ್ತೆ?" ಅಂದರು. ಆಗಲ್ಲ ಅಂದೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ, ಒಕ್ಕೂಟದವರು ಸಂಘಕ್ಕೆ ದುಡ್ಡು ಕೊಡುವುದು ಆ ಕ್ಯಾನಿನ ಗುಣ ನೋಡಿ. ಒಂದೇ ಹಸು ಕಟ್ಟಿಕೊಂಡ ಮುದುಕಿಯ ಗಂಟೂ ಹೋಗುತ್ತೆ ಅಲ್ವಾ?

ಅವತ್ತಿಂದ ನಾನು ಹೋದರೆ "ಹರಿಶ್ಚಂದ್ರನ ಮೊಮ್ಮಗಳು ಬಂದಳು" ಅಂತಾರೆ. ಮಾರಮ್ಮನ ಹಬ್ಬಕ್ಕೆ ಆರತಿ ತರಲು ಯಾರೂ ಕರೆಯಲಿಲ್ಲ. ಮನೆಯವರೂ "ಸುಮ್ನೆ ಬರೆದು ಕೈ ತೊಳೆದುಕೋ" ಅಂತಾರೆ. ದಿನಾ ಮಾರಮ್ಮನ ಮುಂದೆ ದೀಪ ಹಚ್ಚುತ್ತೇನೆ. ಆದರೆ ಕೈ ಮುಗಿದರೆ ಬಾಯಿಗೆ ಬರುವುದು "ಅವರ ಹಸು ಬತ್ತಿ ಹೋಗಲಿ" ಅಂತ. ಇದು ಭಕ್ತಿನಾ, ಹಗೆನಾ?

ನಿವೃತ್ತ ಮೇಷ್ಟ್ರು:
ತಾಯಿ, 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಿರಬೇಕು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಗಂಡ ಮಾರಯ್ಯ ಒಂದು ದಿನ ಜಾಸ್ತಿ ತಂದ. ವಾಪಸ್ ಸುರಿದು ಬಾ ಅಂದಳು. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಅನ್ನುವ ಅವಳ ವಚನದ ಸಾಲು ಎಲ್ಲರೂ ಹೇಳುತ್ತಾರೆ. ಅದೇ ವಚನದ ಮುಂದಿನ ಸಾಲು ನಿಮಗೆ ಬೇಕಾದ್ದು: "ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?" ಅಂದರೆ ಸಿಟ್ಟು ಯಮದೂತರಿಗಿರಲಿ, ಹುಟ್ಟು ಮೀರಿದ ಭಕ್ತರಿಗೆ ಸಲ್ಲದು. ಬರೆಯುವ ಅಂಕಿ ಬದಲಿಸಬೇಡಿ, ಹರಕೆ ಬದಲಿಸಿ. ಹಸು ಏನು ಮಾಡಿತು ಪಾಪ!

ಹಳೇ ಟೆಸ್ಟರ್:
ಮೇಷ್ಟ್ರು ಹೇಳಿದ್ದು ಸರಿ. ಆದರೆ ನೀವೂ ಒಂದು ನೋಡಿ. ಆಗ ತಾನೇ ಕರೆದ ಹಾಲು ಬಿಸಿ ಇದ್ದರೆ, ನೊರೆ ಇದ್ದರೆ ಡಿಗ್ರಿ ಇಳಿಯುತ್ತೆ. ಮೇವು ಸರಿಯಿಲ್ಲದಿದ್ದರೂ ಸ್ವಲ್ಪ ಕಮ್ಮಿ ಬರಬಹುದು. 22 ಅಂದರೆ ನೀರಿನ ಅನುಮಾನ ಬರುವಂಥದ್ದೇ, ಆದರೂ "ನೀರು ಹಾಕಿದ್ದೀರಿ" ಅಂತ ಬಾಯಿ ಬಿಡಬೇಡಿ. ನೊರೆ ಕೂರಲಿ, ಚೆನ್ನಾಗಿ ಕಲಕಿ, ಅವರ ಎದುರೇ ಲ್ಯಾಕ್ಟೋಮೀಟರ್ ಬಿಡಿ. ಅವರೇ ಓದಲಿ, ನೀವು ಬರೆಯಿರಿ. ಜಗಳ ಬಿದ್ದರೆ ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕರೆಸಿ, ಅವರೂ ಒಮ್ಮೆ ನೋಡಲಿ.

ಮಂಗಳೂರಿನವಳು:
ನಮ್ಮ ಬೈಬಲ್‌ನಲ್ಲಿ ದಾನಿಯೇಲ ಅಂತ ಒಬ್ಬ ದೊಡ್ಡ ಅಧಿಕಾರಿ. ಹೊಟ್ಟೆಕಿಚ್ಚಿನವರು ಮೊದಲು ಅವನ ಆಡಳಿತದಲ್ಲೇ ತಪ್ಪು ಹುಡುಕಿದರು. ಸಿಗಲಿಲ್ಲ. ಆಮೇಲೆ 30 ದಿನ ರಾಜನನ್ನು ಬಿಟ್ಟು ಯಾರನ್ನೂ ಬೇಡಬಾರದು ಅಂತ ಕಾನೂನು ಮಾಡಿಸಿದರು. ಅವನು ಕಿಟಕಿ ಮುಚ್ಚಲಿಲ್ಲ, ಯಾವಾಗಲೂ ಮಾಡುವಂತೆ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಸಿಂಹದ ಗುಹೆಗೆ ಹಾಕಿಸಿದರು, ದೇವರು ಕಾಪಾಡಿದ. ಅಕ್ಕಾ, ನಿಮ್ಮ ರಿಜಿಸ್ಟರ್ ಅಷ್ಟು ಚೊಕ್ಕ ಇರಲಿ.

ಡೇರಿ ಅಕ್ಕ:
ಎಲ್ಲರಿಗೂ ನಮಸ್ಕಾರ. ಸಿಂಹ ಆದರೆ ವಾಸಿ, ನಮ್ಮಲ್ಲಿರುವುದು ಡೈರೆಕ್ಟರ್! ನಾಳೆಯಿಂದ ಅವರ ಕೈಯಲ್ಲೇ ಓದಿಸುತ್ತೇನೆ. ಕನ್ನಡಕ ತಂದಿಲ್ಲ ಅಂದರೆ ಏನು ಮಾಡಲಿ, ಸಾರ್?