ಅಮ್ಮನ ಹಿಮೋಗ್ಲೋಬಿನ್ ಏರ್ತಾನೇ ಇಲ್ಲ, ಟೀ ಕಾರಣ ಇರಬಹುದಾ?

ಅರ್ಧಕಪ್:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 54 ವರ್ಷ, ದಾವಣಗೆರೆ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಹಿಮೋಗ್ಲೋಬಿನ್ 8.9 ಇತ್ತು ಅಂತ ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ 9.1. ಇದ್ದಲ್ಲೇ ಇದೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಖಾಲಿ ಶೀಟುಗಳನ್ನು ನಾನೇ ಎಣಿಸಿದೆ. ಹೋದ ವಾರ ಊರಿಗೆ ಹೋದಾಗ ನೋಡಿದೆ: ಬೆಳಿಗ್ಗೆ ರೊಟ್ಟಿ ತಿಂದು, ಮಾತ್ರೆ ಬಾಯಿಗೆ ಹಾಕಿಕೊಂಡು, ಮೇಲಿಂದ ಸ್ಟ್ರಾಂಗ್ ಟೀ ಒಂದು ಗುಟುಕು! ಯಾಕಮ್ಮ ಅಂದರೆ "ನೀರಲ್ಲಿ ನುಂಗಿದ್ರೆ ವಾಕರಿಕೆ ಬರ್ತದೆ ಕಣಪ್ಪಾ" ಅಂತಾಳೆ. ದಿನಕ್ಕೆ ಆರು ಲೋಟ ಟೀ ಬೇಕು. ತಂಗಿ ಪೂರ್ತಿ ಬಿಡಿಸು ಅಂತಾಳೆ, ಮನೆಯ ವಾಟ್ಸಾಪ್ ಗ್ರೂಪಲ್ಲಿ ಟೀ ಹೃದಯಕ್ಕೆ ಅಮೃತ ಅಂತ ಬರುತ್ತೆ. ಯಾವುದನ್ನು ನಂಬೋದು?

ಕಣ್ಣಚಾ:
ಕಳ್ಳ ಸಿಕ್ಕಿಬಿದ್ದ ಹಾಗಾಯ್ತು. ಟೀಯಲ್ಲಿರುವ ಒಗರು, ಅಂದರೆ ಟ್ಯಾನಿನ್ ಥರದ ಅಂಶಗಳು, ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಆಮೇಲೆ ಅದು ರಕ್ತಕ್ಕೆ ಸೇರೋದು ಕಮ್ಮಿ. ಸೊಪ್ಪು, ಕಾಳು, ರಾಗಿಯಿಂದ ಬರುವ ಕಬ್ಬಿಣಕ್ಕೆ ಈ ಕಾಟ ಜಾಸ್ತಿ, ಮೀನು ಮಾಂಸದ ಕಬ್ಬಿಣಕ್ಕೆ ಅಷ್ಟಿಲ್ಲ.

ನಂಬಿಕೆ ಬರದಿದ್ದರೆ ಒಂದು ಆಟ ಆಡಿ ನೋಡಿ. ಹಾಲು ಹಾಕದ ಟೀ (ನಮ್ಮ ಪುತ್ತೂರು ಕಡೆ ಕಣ್ಣ ಚಾ ಅಂತೀವಿ) ಒಂದು ಗ್ಲಾಸಲ್ಲಿ ಇಟ್ಟು, ಫೆರಸ್ ಸಲ್ಫೇಟ್ ಮಾತ್ರೆ ಪುಡಿ ಮಾಡಿ ಹಾಕಿ ಕಲಸಿ. ಕೆಂಪಗಿದ್ದ ಚಾ ಶಾಯಿ ಥರ ಕಪ್ಪಗಾಗುತ್ತೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಅಮ್ಮನಿಗೆ ತೋರಿಸಿ, ನೂರು ಮಾತು ಉಳಿಯುತ್ತೆ. ಆಮೇಲೆ ಚೆಲ್ಲಿಬಿಡಿ, ಕುಡಿಯೋಕಲ್ಲ.

ಟೀ ಬಿಡಿಸಬೇಕಾಗಿಲ್ಲ, ಹೊತ್ತು ಬದಲಿಸಿ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಆಹಾರ ಸಲಹೆಯಲ್ಲೂ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆದ ಮೇಲೆ ಟೀ ಕಾಫಿ ಬೇಡ ಅಂತಿದೆ. ಮಾತ್ರೆಯನ್ನು ನಿಂಬೆ ನೀರಲ್ಲಿ ನುಂಗಲಿ. ನೆಲ್ಲಿಕಾಯಿ, ಸೀಬೆಹಣ್ಣು ತಿಂದರೂ ಒಳ್ಳೇದೇ, ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತೆ. ವಾಕರಿಕೆ ಬರುತ್ತೆ ಅನ್ನೋದನ್ನು ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ ಇಲ್ಲಾ ದಿನ ಬಿಟ್ಟು ದಿನ ತಗೊಳ್ಳಿ ಅನ್ನಬಹುದು.

ಇನ್ನೊಂದು ಮಾತು, ಇದು ಮುಖ್ಯ. ಮುಟ್ಟು ನಿಂತ ಮೇಲೂ ರಕ್ತ ಕಮ್ಮಿ ಇದೆ ಅಂದರೆ ಎಲ್ಲಾ ತಪ್ಪನ್ನೂ ಟೀ ತಲೆಗೆ ಕಟ್ಟಿ ಕೂರಬೇಡಿ. ಹೊಟ್ಟೆಹುಣ್ಣು, ಮೂಲವ್ಯಾಧಿ, ಕರುಳಿನ ತೊಂದರೆ, ಹೀಗೆ ಒಳಗೊಳಗೇ ರಕ್ತ ಹೋಗ್ತಿದ್ದರೂ ಹೀಗಾಗುತ್ತೆ. ಮಲ ಪರೀಕ್ಷೆ ಮಾಡಿಸಿದ್ದೀರಾ?

ಚುರುಮುರಿ:
ನಂದು ಹುಬ್ಬಳ್ಳಿ, ಇಲ್ಲಿ ಚಾ ಬಿಡು ಅಂದ್ರೆ ಉಸಿರು ಬಿಡು ಅಂದಂಗ. ಅಂಗಡಿಯಲ್ಲಿ ಕೂತಲ್ಲೇ ಹತ್ತು ಚಾ ಆಗುತ್ತಿತ್ತು. ಹೋದ ವರ್ಷ ಜಿದ್ದಿಗೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಿದೆ. ಎರಡನೇ ದಿನ ತಲೆನೋವು ಅಂದ್ರೆ ತಲೆನೋವು, ಗಿರಾಕಿ ಜೊತೆ ಸುಮ್ನೆ ಜಗಳ, ಸಂಜೆ ಅಂಗಡಿ ಬೇಗ ಹಾಕಿಕೊಂಡು ಮನೆಗೆ ಹೋಗಿ ಮಲಗಿದೆ, ಹೆಂಡತಿ ಏನೋ ಆಗಿದೆ ಅಂತ ಗಾಬರಿಯಾದಳು. ಅದು ಕೆಫೀನ್ ಬಿಟ್ಟ ತ್ರಾಸು, ನಾಲ್ಕೈದು ದಿನದಲ್ಲಿ ಹೋಯಿತು. ಅದಕ್ಕೇ ಹೇಳೋದು, ಬಿಡಿಸೋದಾದರೆ ವಾರಕ್ಕೊಂದು ಲೋಟ ಕಮ್ಮಿ ಮಾಡಿ.

ಮತ್ತೆ ಸಕ್ಕರೆ ಲೆಕ್ಕ ಯಾರೂ ಹಾಕಲ್ಲ. ಲೋಟಕ್ಕೆ ಎರಡು ಚಮಚ ಅಂದರೆ ಸುಮಾರು 10 ಗ್ರಾಂ, ಆರು ಲೋಟಕ್ಕೆ 60. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ. ಬೆಲ್ಲದ ಚಾ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದೂ ಅದೇ.

ಬೈಟು:
ವಾಟ್ಸಾಪ್ ಗ್ರೂಪಿನವರು ಪೂರ್ತಿ ಸುಳ್ಳೇನೂ ಹೇಳಿಲ್ಲ. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2022ರಲ್ಲಿ ಬಂತು. ದಿನಕ್ಕೆ ಎರಡು ಕಪ್ ಅಥವಾ ಜಾಸ್ತಿ ಟೀ ಕುಡಿಯುವವರಲ್ಲಿ ಸಾವಿನ ಅಪಾಯ ಕುಡಿಯದವರಿಗಿಂತ 9ರಿಂದ 13 ಶೇಕಡ ಕಮ್ಮಿ ಕಂಡಿತು. ಆದರೆ ಟೀಯಿಂದಲೇ ಹಾಗಾಯ್ತು ಅಂತ ಇದು ಸಾಬೀತು ಮಾಡಲ್ಲ. ಅಮೃತ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು.

ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂತಾರೆ, 150 ಮಿಲಿ ಟೀಯಲ್ಲಿ 30ರಿಂದ 65 ಇರುತ್ತೆ. ಆರು ಲೋಟ ಅಂದಿರಲ್ಲ, ಲೋಟ ಎಷ್ಟು ದೊಡ್ಡದು? ನಮ್ಮ ಬೆಂಗಳೂರಿನ ಬೈ ಟು ಲೋಟವಾದರೆ ಹೆದರಬೇಡಿ, ಸ್ಟೀಲಿನ ಉದ್ದ ಲೋಟ ಆದರೆ ಯೋಚನೆ ಮಾಡಿ. ಕುದಿಕುದಿ ಟೀ ಗಂಟಲಿಗೆ ಸುರಿಯೋ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯದಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ 2016ರಲ್ಲೇ ಹೇಳಿದ್ದಾರೆ. ಹಾಂ, ಗ್ರೀನ್ ಟೀಗೆ ಬದಲಾಯಿಸಿ ಅಂತ ಯಾರಾದರೂ ಬರುತ್ತಾರೆ ಈಗ. ಕಬ್ಬಿಣದ ವಿಷಯದಲ್ಲಿ ಅದೂ ಸಾಚಾ ಅಲ್ಲ.

ಮಳೆಗಾಲ:
ಥೈರಾಯ್ಡ್ ಮಾತ್ರೆಯನ್ನೂ ಟೀ ಜೊತೆ ತಗೋಬಾರದು. ಅಮ್ಮನಿಗೆ ಅದೂ ಇದ್ದರೆ ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಅರ್ಧಕಪ್:
ಥ್ಯಾಂಕ್ಸ್ ಎಲ್ಲರಿಗೂ. ಥೈರಾಯ್ಡ್ ಇಲ್ಲ. ಮಲ ಪರೀಕ್ಷೆ ಮಾಡಿಸಿಲ್ಲ, ಸೋಮವಾರ ಕರೆದುಕೊಂಡು ಹೋಗ್ತೀನಿ. ಲೋಟ ಸ್ಟೀಲಿಂದೇ, ಉದ್ದಂದೇ. ವಿಡಿಯೋ ಕಾಲಲ್ಲಿ ಕಪ್ಪು ಚಾ ಆಟ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾತ್ರೆ ಹನ್ನೊಂದು ಗಂಟೆಗೆ ನಿಂಬೆ ನೀರಲ್ಲಿ ತಗೋತೀನಿ ಅಂತ ಒಪ್ಪಿದಳು. ಆಮೇಲೆ ಕೇಳಿದಳು, "ಹಂಗಾದ್ರೆ ರೊಟ್ಟಿ ಜೊತೆ ಏನು ಕುಡೀಲಿ?"