ಚೊಚ್ಚಲ ಹೆರಿಗೆ ಎಲ್ಲಿ: ಬೆಳಗಾವಿ, ಜಮಖಂಡಿ, ವಿಜಯಪುರ? ಅನುಭವ ಇದ್ದವರು ಹೇಳಿ

ಕೇಳಿದವರು: ಜಮಖಂಡಿಯ ಮಗಳು
ನನಗೆ ಏಳನೆಯ ತಿಂಗಳು ನಡೆಯುತ್ತಿದೆ, ಚೊಚ್ಚಲು. ಮನೆಯವರ ನೌಕರಿ ಬೆಳಗಾವಿಯಲ್ಲಿ, ಬಾಡಿಗೆ ಮನೆ. ತವರು ಜಮಖಂಡಿ ಹತ್ತಿರದ ಹಳ್ಳಿ. ವೈದ್ಯರು ಕೊಟ್ಟಿರುವ ತಾರೀಖು ಜನವರಿಯ ಕೊನೆಯ ವಾರ. ಕುಬಸ (ಸೀಮಂತ) ಮುಗಿಸಿ ಕರೆದೊಯ್ಯುತ್ತೇನೆ, ಹೆರಿಗೆ ಜಮಖಂಡಿಯ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ ಎನ್ನುತ್ತಾಳೆ ಅವ್ವ. ಅತ್ತೆಯವರಿಗೆ ಬೆಳಗಾವಿಯ ಖಾಸಗಿ ನರ್ಸಿಂಗ್ ಹೋಂ ಬಿಟ್ಟರೆ ಬೇರೆ ಮಾತಿಲ್ಲ. ಮನೆಯವರು ವಿಜಯಪುರದ ಮೆಡಿಕಲ್ ಕಾಲೇಜು ಆಸ್ಪತ್ರೆ ನೋಡೋಣ ಎನ್ನುತ್ತಿದ್ದಾರೆ. ಹಿಮೋಗ್ಲೋಬಿನ್ 9.4, ರಕ್ತದ ಗುಂಪು ಬಿ ನೆಗೆಟಿವ್. ಕೈಯಲ್ಲಿ ಎಂಬತ್ತು ಸಾವಿರ ಇದೆ. ಅದರ ಮೇಲೆ ಹೋದರೆ ಸಾಲವೇ. ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಗೋಕಾಕದ ಸೊಸೆ
ತಂಗಿ, ಬೆಳಗಾವಿಯ ನರ್ಸಿಂಗ್ ಹೋಂ ಎಂದೆಯಲ್ಲ, ನನ್ನ ಬಿಲ್ಲು ಇನ್ನೂ ಕಪಾಟಿನಲ್ಲಿದೆ, ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಸೇರುವಾಗ ಪ್ಯಾಕೇಜು 45,000 ಎಂದರು, ಸಿಸೇರಿಯನ್ ಆದರೂ ಅಷ್ಟೇ ಎಂದರು. ಬಿಡುಗಡೆಯ ದಿನ ನೋಡಿದರೆ ಅರಿವಳಿಕೆ ವೈದ್ಯರು ಹೊರಗಿನವರಂತೆ, ಅವರಿಗೆ ಪ್ರತ್ಯೇಕ 8,000. ಔಷಧಿ ಅಂಗಡಿಯದು 11,340. ಮಕ್ಕಳ ವೈದ್ಯರು ಬಾಗಿಲಲ್ಲಿ ನಿಂತು ‘ಹಾಲು ಕುಡಿಯುತ್ತಿದೆಯಾ’ ಎಂದು ಕೇಳಿ ಹೋದದ್ದಕ್ಕೆಲ್ಲ ಸೇರಿ 2,800. ಕಾಮಾಲೆ ಎಂದು ಮಗುವನ್ನು ನೀಲಿ ಬೆಳಕಿನ ಅಡಿ ಮಲಗಿಸಿದ್ದಕ್ಕೆ 9,000. ಒಟ್ಟು 76,140. ಆಯಾಗೆ ಕೊಟ್ಟದ್ದು, ಖಾನಾವಳಿಯ ಊಟ, ಗೋಕಾಕದಿಂದ ಓಡಾಡಿದ ಕಾರಿನ ಬಾಡಿಗೆ ಇದರಲ್ಲಿ ಇಲ್ಲ.

ದುಡ್ಡು ಹೋಗಲಿ. ಬೆಳಿಗ್ಗೆ ತಪಾಸಣೆಯಲ್ಲಿ ಎಲ್ಲವೂ ಚೆನ್ನಾಗಿದೆ ಎಂದವರು ಸಂಜೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿದೆ, ಈಗಲೇ ಸಹಿ ಮಾಡಿ ಎಂದರು. ಬಳ್ಳಿ ಸುತ್ತಿದ್ದರೂ ಎಷ್ಟೋ ಮಕ್ಕಳು ಸಹಜವಾಗಿಯೇ ಹುಟ್ಟುತ್ತವೆ ಎಂಬುದು ನನಗೆ ಆಮೇಲೆ ತಿಳಿಯಿತು. ಸಹಿ ಮಾಡಿಸುವ ಹೊತ್ತಿನಲ್ಲಿ ಯಾರು ಹೇಳುತ್ತಾರೆ? ಮಾವನವರು ಪೆನ್ನು ಹುಡುಕುತ್ತಿದ್ದರು.

ನವನಗರದವಳು
ಎಪ್ಪತ್ತಾರು ಸಾವಿರ! ನಮ್ಮ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನನಗೆ ಸಹಜ ಹೆರಿಗೆ ಆಯಿತು, ಆಸ್ಪತ್ರೆಗೆ ಕಟ್ಟಿದ್ದು ಸೊನ್ನೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಇದು ಬಡವರಿಗೆ ಮಾತ್ರ ಎಂದು ತಿಳಿದವರು ಬಹಳ. ಸರ್ಕಾರಿ ಆಸ್ಪತ್ರೆಗೆ ಬಂದ ಪ್ರತಿ ಗರ್ಭಿಣಿಗೂ ಅದು ಅನ್ವಯ, ಬಿಪಿಎಲ್ ಕಾರ್ಡು ಬೇಕಿಲ್ಲ. ಕಾರ್ಡು ಕೇಳುವುದು ಜನನಿ ಸುರಕ್ಷಾ ಯೋಜನೆಯ ದುಡ್ಡಿಗೆ. ಹಳ್ಳಿಯವರಿಗೆ 700, ಪಟ್ಟಣದವರಿಗೆ 600.

ಸೊನ್ನೆ ಎಂದೆನಲ್ಲ, ಆಸ್ಪತ್ರೆಗೆ ಸೊನ್ನೆ. ಹೆರಿಗೆ ಕೋಣೆಯ ಹೊರಗೆ ಆಯಾ ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ನಿಂತಳು, ಕೈ ಚಾಚಿದ ನಮ್ಮ ಅವ್ವನಿಗೆ ಕೊಡಲಿಲ್ಲ. ಗಂಡಾದರೆ ಐನೂರು, ಹೆಣ್ಣಾದರೆ ಮುನ್ನೂರು ಎಂದಳು. ನನ್ನದು ಹೆಣ್ಣು. ನಮ್ಮ ಅವ್ವ ಸೆರಗಿನ ಗಂಟು ಬಿಚ್ಚಿ ಐನೂರು ಕೊಟ್ಟು, ‘ನನ್ನ ಮೊಮ್ಮಗಳೇನು ಕಡಿಮೆಯವಳಲ್ಲ’ ಎಂದಳು. ಆಮೇಲೆ ನೆಲ ಒರೆಸುವವಳಿಗೆ ನೂರು, ಗಾಲಿಕುರ್ಚಿ ತಳ್ಳಿದವನಿಗೆ ನೂರು. ಬಿಸಿನೀರು ಮಾತ್ರ ಕೊನೆಯವರೆಗೂ ಮನೆಯಿಂದಲೇ ಬರಬೇಕಾಯಿತು, ಹೊದಿಕೆಯೂ ನಮ್ಮದೇ. ಆದರೆ ಹೊಟ್ಟೆ ಕೊಯ್ಯಲಿಲ್ಲ. ತಣ್ಣನೆಯ ಕೋಣೆ, ಟಿ.ವಿ., ಸೋಫಾ ಬೇಕೆನ್ನುವವರು ಅದಕ್ಕೆ ತಕ್ಕ ಬೆಲೆ ಕೊಡಬೇಕಾಗುತ್ತದೆ.

ಗೋಕಾಕದ ಸೊಸೆ
ನಾನು ಸೋಫಾಕ್ಕಾಗಿ ಹೋಗಿದ್ದೆ ಎಂದು ಯಾರು ಹೇಳಿದರು? ನನಗೆ ಬಿಪಿ 150 ದಾಟಿತ್ತು. ಸಹಜ ಹೆರಿಗೆ ಆದವರೆಲ್ಲ ಅದೇನೋ ತಾವೇ ದುಡಿದು ಗಳಿಸಿದ ಪದಕ ಎಂಬಂತೆ ಮಾತನಾಡುವುದನ್ನು ಎಲ್ಲಿ ನಿಲ್ಲಿಸುತ್ತೀರೋ ತಿಳಿಯದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನರಕ್ಕೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆಯೇ ಸಂಶಯ ಬಂತು. ಸೊನ್ನೆ ರೂಪಾಯಿಯ ಲೆಕ್ಕದಲ್ಲಿ ಅದನ್ನೂ ಬರೆದುಕೊಳ್ಳಿ.

ನವನಗರದವಳು
ಬಳ್ಳಾರಿಯದಕ್ಕೆ ನಾನು ಉತ್ತರ ಕೊಡಬೇಕೆ? ಆ ತಾಯಂದಿರ ಹೆಸರಿನಲ್ಲಿ ನಿಮ್ಮ ಬಿಲ್ಲನ್ನು ಸಮರ್ಥಿಸಿಕೊಳ್ಳಬೇಡಿ.

ಅಥಣಿ ತಾಲ್ಲೂಕಿನ ತಾಯಿ
ನೀವಿಬ್ಬರೂ ಜಗಳವಾಡಿ. ನಮ್ಮ ಕಡೆಯವರು ಬೆಳಗಾವಿಗೂ ಹೋಗುವುದಿಲ್ಲ, ಬಾಗಲಕೋಟೆಗೂ ಹೋಗುವುದಿಲ್ಲ. ನಮಗೆ ಗಡಿಯಾಚೆ ಮಹಾರಾಷ್ಟ್ರದ ಮಿರಜೇ. ಹಲ್ಲು ನೋವಿನಿಂದ ಹಿಡಿದು ಹೃದಯದ ಶಸ್ತ್ರಕ್ರಿಯೆಯವರೆಗೆ ಅಜ್ಜನ ಕಾಲದಿಂದ ಮಿರಜು. ಅಥಣಿ, ರಾಯಬಾಗ, ಚಿಕ್ಕೋಡಿಯವರನ್ನು ಕೇಳಿ ನೋಡಿ, ಪ್ರತಿ ಮನೆಯಲ್ಲೂ ಒಂದು ಮಿರಜಿನ ಫೈಲು ಇರುತ್ತದೆ. ನನಗೆ ಎಂಟನೆಯ ತಿಂಗಳಲ್ಲೇ ನೀರು ಒಡೆಯಿತು. ಅರ್ಧರಾತ್ರಿ ಹೊರಟೆವು. ಗೇಟಿನಲ್ಲಿ ಯಾರೂ ಚೀಟಿ ಕೇಳಲಿಲ್ಲ, ಮುಂಗಡ ಕೇಳಲಿಲ್ಲ, ನೇರ ಒಳಗೆ ಕರೆದೊಯ್ದರು. ಮಗು 1,900 ಗ್ರಾಂ. ಹಸುಗೂಸುಗಳ ತೀವ್ರ ನಿಗಾ ಘಟಕದ, ಅಂದರೆ ಎನ್‌ಐಸಿಯು ಬಿಲ್ಲು ಲಕ್ಷ ದಾಟಿತು, ಕಬ್ಬಿನ ಬಿಲ್ಲು ಬಂದಿದ್ದೇ ಅದಕ್ಕೆ ಹೋಯಿತು. ಇವತ್ತು ಅವನು ಮನೆಯ ಮೇಲೆ ಮನೆ ಮಾಡುತ್ತಾನೆ. ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಚಿಕ್ಕೋಡಿಯವಳು
ಮಿರಜಿನ ಜನನ ಪ್ರಮಾಣಪತ್ರದ ಕಥೆಯನ್ನೂ ಹೇಳಿ ಅಕ್ಕ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ, ಕಾಗದ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ನನ್ನ ಮಗಳ ಹೆಸರಿನ ನಡುವೆ ಅಪ್ಪನ ಹೆಸರು ಸೇರಿಸಿಬಿಟ್ಟಿದ್ದಾರೆ. ಆಧಾರಿನಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು. ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಎರಡನ್ನೂ ಅಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು. ತಿದ್ದಿಸಲು ಮತ್ತೆ ಗಡಿ ದಾಟಬೇಕು, ನಮ್ಮ ತಹಶೀಲ್ದಾರರ ಕಚೇರಿಯಲ್ಲಿ ಆಗುವ ಕೆಲಸವಲ್ಲ.

ವಿಜಯಪುರದ ಮೇಷ್ಟ್ರು
ಗಂಡಸು ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಯ ಹೆರಿಗೆ ವಿಜಯಪುರದಲ್ಲಿ ಆಯಿತು. ಭಾವನೆ ಬದಿಗಿಟ್ಟು ಅಂಕಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಕಠಿಣ ಪ್ರಕರಣಗಳು ಕೊನೆಗೆ ಬಂದು ಬೀಳುವುದು ಸರ್ಕಾರಿ ಆಸ್ಪತ್ರೆಗಳಿಗೇ, ಆದರೂ ಅಂತರ ಇಷ್ಟು. ನಾವು ಹೋದ ಕಡೆ ಕಲಿಯುವ ವೈದ್ಯರು ಗುಂಪುಗುಂಪಾಗಿ ಬಂದು ಪರೀಕ್ಷಿಸುತ್ತಿದ್ದರು, ಅದು ಹೆಂಡತಿಗೆ ಹಿಡಿಸಲಿಲ್ಲ. ಆದರೆ ನಡುರಾತ್ರಿ ಎರಡು ಗಂಟೆಗೂ ಎಚ್ಚರವಿದ್ದ ವೈದ್ಯರು ಸಿಕ್ಕಿದ್ದು ಅಲ್ಲಿಯೇ.

ಗೋಕಾಕದ ಸೊಸೆ
ಹೆಂಡತಿಗೆ ಹಿಡಿಸಲಿಲ್ಲ ಎಂಬುದು ಒಂದು ವಾಕ್ಯ, ಉಳಿದದ್ದೆಲ್ಲ ಅಂಕಿ. ಮೇಷ್ಟ್ರೇ, ಮೊಬೈಲನ್ನು ಅವರ ಕೈಗೆ ಕೊಡಿ. ಅವರೇ ಬರೆಯಲಿ.

ವಿಜಯಪುರದ ಮೇಷ್ಟ್ರು
ಅವಳು ಓದಿ ನಕ್ಕಳು. ಗುಂಪುಗುಂಪಾಗಿ ಎಂದರೆ ಎಷ್ಟು ಜನ ಎಂದು ಬರೆಯಬೇಕಿತ್ತಂತೆ.

ನಿವೃತ್ತ ಸಿಸ್ಟರ್, ಬಾಗಲಕೋಟೆ ಜಿಲ್ಲೆ
ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಇಷ್ಟು ಹೊತ್ತು ಓದಿದೆ. ಆ ಹುಡುಗಿ ಬಿ ನೆಗೆಟಿವ್ ಎಂದು ಬರೆದದ್ದು ಒಬ್ಬರ ಕಣ್ಣಿಗೂ ಬಿದ್ದಿಲ್ಲ.

ಮಗಳೇ, ಮೊದಲು ಗಂಡನ ರಕ್ತದ ಗುಂಪು ಏನೆಂದು ನೋಡು. ಅವನೂ ನೆಗೆಟಿವ್ ಆದರೆ ಈ ಚಿಂತೆಯೇ ಇಲ್ಲ. ಪಾಸಿಟಿವ್ ಆಗಿದ್ದರೆ, ಮಗುವಿನ ರಕ್ತದ ವಿರುದ್ಧ ನಿನ್ನ ರಕ್ತದಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುವ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡಿಸಿದ್ದಾರೆಯೇ, 28 ವಾರಕ್ಕೆ ಅದು ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದಿನ ಮಾತು ಎತ್ತಿದ್ದಾರೆಯೇ ಎಂದು ಈ ವಾರವೇ ಕೇಳು. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಮತ್ತೊಂದು ಕೊಡಬೇಕು. ಅದು ಎರಡನೆಯ ಮಗುವಿನ ಪ್ರಾಣದ ಪ್ರಶ್ನೆ. ಎಲ್ಲ ಕಡೆ ಎಲ್ಲ ಹೊತ್ತೂ ದಾಸ್ತಾನು ಇರುವುದಿಲ್ಲ, ಎಲ್ಲಿ ಹೆರುತ್ತೀಯೋ ಅಲ್ಲಿ ಇದೆಯೇ ಎಂದು ಮೊದಲೇ ಕೇಳಿಡು.

ಆಸ್ಪತ್ರೆ ಸರ್ಕಾರದ್ದೋ ಖಾಸಗಿಯೋ ಎಂದು ಇಲ್ಲಿ ಹೊಡೆದಾಡುತ್ತಿದ್ದೀರಿ. ನಾನಾದರೆ ಕೇಳುವುದು ಭಾನುವಾರ ರಾತ್ರಿ ಅರಿವಳಿಕೆ ವೈದ್ಯರು ಊರಿನಲ್ಲಿ ಇರುತ್ತಾರೆಯೇ ಎಂದು. ರಕ್ತನಿಧಿ ಅದೇ ಆವರಣದಲ್ಲಿದೆಯೇ, ಇಲ್ಲವೇ ಆಟೋದಲ್ಲಿ ಮಾವ ಐಸ್ ಡಬ್ಬಿ ಹಿಡಿದು ಹೋಗಬೇಕೇ? ಹೆತ್ತ ಮೇಲೆ ರಕ್ತ ಹೋಗಲು ಶುರುವಾದರೆ ಮಾತನಾಡುತ್ತಿದ್ದವಳು ನೋಡುನೋಡುತ್ತಿದ್ದಂತೆ ಬಿಳಿಚಿಕೊಳ್ಳುತ್ತಾಳೆ, ಆಗ ಗಡಿಯಾರ ನೋಡಲೂ ಪುರುಸೊತ್ತಿರುವುದಿಲ್ಲ. ನೆಗೆಟಿವ್ ರಕ್ತ ಸುಲಭವಾಗಿ ಸಿಗುವುದಿಲ್ಲ. ನಿನ್ನ ಗುಂಪಿಗೆ ಹೊಂದುವ ಇಬ್ಬರ ಫೋನ್ ನಂಬರು ಈಗಲೇ ಬರೆದಿಟ್ಟುಕೋ. 9.4 ಸಾಲದು. ಕಬ್ಬಿಣಾಂಶದ ಮಾತ್ರೆ ನುಂಗಿದ ಹೊತ್ತಿಗೇ ಚಹಾ ಕುಡಿಯುವ ಚಟ ಇದ್ದರೆ ಬಿಡು. ಮಾತ್ರೆಯಿಂದ ಏರದಿದ್ದರೆ ಐರನ್ ಸುಕ್ರೋಸ್ ನರಕ್ಕೆ ಹಾಕುತ್ತಾರೆ, ಕೇಳಿ ಹಾಕಿಸಿಕೋ. ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಇಟ್ಟು ಬರಬೇಡ. ಎಷ್ಟು ಜನ ಹಾಗೆ ಬರಿಗೈಯಲ್ಲಿ ಬಂದು ನಮ್ಮಿಂದ ಬೈಸಿಕೊಂಡಿದ್ದಾರೋ.

ಮುಧೋಳದ ರೈತನ ಹೆಂಡತಿ
ಜನವರಿ ಎಂದಿರಿ. ಅದು ಕಬ್ಬಿನ ಹಂಗಾಮು. ನನ್ನ ನಾದಿನಿಗೂ ಅದೇ ತಿಂಗಳು ನೋವು ಬಂತು. 108ಕ್ಕೆ ಫೋನು ಮಾಡಿದೆವು, ಗಾಡಿ ಬೇಗನೆ ಬಂತು, ಅದಕ್ಕೆ ತಪ್ಪು ಹೇಳಲಾರೆ. ಆದರೆ ಸಕ್ಕರೆ ಕಾರ್ಖಾನೆಯ ಕೂಟಿನಲ್ಲಿ, ರಸ್ತೆಗಳು ಕೂಡುವಲ್ಲಿ, ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಹಿಂದೆ ದೀಪವಿಲ್ಲ, ಚಾಲಕರು ಕೆಳಗೆ ಮಲಗಿದ್ದರು. ಒಂದು ಟ್ರೇಲರಿನ ಕಬ್ಬು ರಸ್ತೆಗೇ ಜಾರಿ ಬಿದ್ದಿತ್ತು. ಆಂಬುಲೆನ್ಸಿನವನು ಸೈರನ್ ಹಾಕುತ್ತಲೇ ಇದ್ದ, ಭಾವ ಇಳಿದು ಹೋಗಿ ಒಬ್ಬೊಬ್ಬರನ್ನೇ ಎಬ್ಬಿಸಿದರು. ಮಗು ಗಾಡಿಯಲ್ಲೇ ಹುಟ್ಟಿತು, ಒಳಗಿದ್ದ ಸಿಬ್ಬಂದಿಯೇ ಹೆರಿಗೆ ಮಾಡಿಸಿದರು. ನೋವು ಬಂದ ಮೇಲೆ ಜಮಖಂಡಿಯಿಂದ ಬೆಳಗಾವಿಗೆ ಹೊರಡುವ ಯೋಚನೆಯನ್ನಂತೂ ಮಾಡಬೇಡಿ. ವಿಜಯಪುರ ಅರವತ್ತು ಕಿಲೋಮೀಟರಿನ ಆಸುಪಾಸು, ಆದರೆ ಆ ದಾರಿಯಲ್ಲೂ ಕಬ್ಬಿನ ಗಾಡಿ ತಪ್ಪಿದ್ದಲ್ಲ.

ರಾಯಬಾಗದ ಆಯಿ
ಎಲ್ಲರೂ ಆಸ್ಪತ್ರೆ ಆಸ್ಪತ್ರೆ ಎನ್ನುತ್ತೀರಿ. ಆಸ್ಪತ್ರೆಯ ಕೆಲಸ ನಾಲ್ಕು ದಿನದ್ದು, ಬಾಣಂತನ ಮೂರು ತಿಂಗಳಿನದು. ಚೊಚ್ಚಲು ತವರಿನ ಹಕ್ಕು. ಜನವರಿಯ ಚಳಿಯಲ್ಲಿ ಬೆಳಗಾವಿಯ ಬಾಡಿಗೆ ಮನೆಯಲ್ಲಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಲು ಮನೆ ಮಾಲೀಕ ಬಿಡುತ್ತಾನೆಯೇ? ಅಂಟಿನುಂಡಿ ಕಟ್ಟುವವರು ಯಾರು, ಅಳವಿ ಪಾಯಸ ಕಾಸುವವರು ಯಾರು? ಐದನೆಯ ರಾತ್ರಿ ಶೆಟಿಗೆವ್ವನ ಪೂಜೆಯ ಹೊತ್ತಿಗೆ ಕೂಸು ಆಸ್ಪತ್ರೆಯ ಮಂಚದ ಮೇಲೆ ಇದ್ದರೆ ಹೇಗೆ? ನಾನು ಐದು ಹೆತ್ತೆ, ಐದೂ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಬಾಣಂತಿಗೆ ಹೆಚ್ಚು ನೀರು ಕೊಡಲಿಲ್ಲ, ಹೊಟ್ಟೆ ಬರಲಿಲ್ಲ.

ನಿವೃತ್ತ ಸಿಸ್ಟರ್, ಬಾಗಲಕೋಟೆ ಜಿಲ್ಲೆ
ಆಯಿ, ನಿಮ್ಮ ಅಂಟಿನುಂಡಿಗೆ ನನ್ನದೂ ಕೈ ಮುಗಿತ. ನೀರು ಕೊಡಬಾರದು ಎಂಬುದನ್ನು ಮಾತ್ರ ಆ ಹುಡುಗಿಗೆ ಹೇಳಬೇಡಿ. ನೀರಿಲ್ಲದೆ ಮೂತ್ರ ಉರಿ, ಮಲಬದ್ಧತೆ, ಹೊಲಿಗೆಯ ಮೇಲೆ ತಿಣುಕುವ ಪಾಡು, ಇವೆಲ್ಲ ಹೊತ್ತು ಬಂದವರನ್ನು ನೋಡಿದವಳು ನಾನು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದೂ ಬೇಡ. ಆ ಹೊಗೆಯಲ್ಲಿ ವಾಸನೆ ಇಲ್ಲದ ವಿಷಾನಿಲ ಇರುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ.

ರಾಯಬಾಗದ ಆಯಿ
ನನ್ನ ಐದೂ ಮಕ್ಕಳು ಹೊಗೆಯಲ್ಲೇ ಬೆಳೆದವರು. ಒಬ್ಬ ಪೊಲೀಸ್ ಇಲಾಖೆಯಲ್ಲಿದ್ದಾನೆ.

ನವನಗರದವಳು
ಐದೂ ಉಳಿದವು ಎನ್ನುತ್ತೀರಿ, ಓಣಿಯಲ್ಲಿ ಉಳಿಯದವುಗಳ ಲೆಕ್ಕ ಯಾರು ಇಟ್ಟಿದ್ದಾರೆ ಆಯಿ?

ಅಥಣಿ ತಾಲ್ಲೂಕಿನ ತಾಯಿ
ಹಿರಿಯರ ಜೊತೆ ಹೀಗೆ ಮಾತನಾಡುವುದೇ? ಇನ್ನು ಚಿಕ್ಕೋಡಿಯವರಿಗೆ: ಪ್ರಮಾಣಪತ್ರ ಮರಾಠಿಯಲ್ಲಿದ್ದರೆ ಏನಾಯಿತು, ಇಂಗ್ಲಿಷೂ ಇದೆಯಲ್ಲ. ಹೆಸರು ತುಂಬುವಾಗ ಅರ್ಜಿಯನ್ನು ಓದಿ ಸಹಿ ಮಾಡಬೇಕು. ನನ್ನ ಮಗನದು ಸರಿಯಾಗಿಯೇ ಇದೆ.

ಚಿಕ್ಕೋಡಿಯವಳು
ಅರ್ಜಿ ತುಂಬಿದ್ದು ಆಸ್ಪತ್ರೆಯವರು, ನಾನು ಆಗ ಹೊಲಿಗೆ ಹಾಕಿಸಿಕೊಂಡು ಮಲಗಿದ್ದೆ. ನಿಮ್ಮ ಮಿರಜಿನ ಮೇಲೆ ಯಾರೂ ಒಂದು ಮಾತೂ ಆಡಬಾರದು ಎಂದರೆ ಹೇಳಿಬಿಡಿ.

ಜಮಖಂಡಿಯ ಮಗಳು
ಎಲ್ಲರಿಗೂ ಧನ್ಯವಾದಗಳು. ಸಿಸ್ಟರ್, ಮನೆಯವರದು ಓ ಪಾಸಿಟಿವ್. ಕೂಂಬ್ಸ್ ಪರೀಕ್ಷೆಯ ಮಾತನ್ನು ಯಾರೂ ಎತ್ತಿಲ್ಲ, ಸೋಮವಾರ ಹೋಗುತ್ತಿದ್ದೇವೆ. ಕಾರ್ಖಾನೆಯ ಕೂಟಿನ ಕಥೆ ಓದಿ ಮನೆಯವರು, ಒಂಬತ್ತಕ್ಕೆ ಬಿದ್ದ ಮೇಲೆ ವಿಜಯಪುರದಲ್ಲಿರುವ ಸೋದರತ್ತೆಯ ಮನೆಯಲ್ಲಿ ಇರೋಣ ಎನ್ನುತ್ತಿದ್ದಾರೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಗೋಕಾಕದ ಸೊಸೆ
ಸೋದರತ್ತೆಯ ಮನೆಯಲ್ಲಿ ಚೊಚ್ಚಲು ಎಂದರೆ ನಿನ್ನ ಅವ್ವ ಒಪ್ಪುವುದುಂಟೇ! ಒಪ್ಪಿಸು. ಎಲ್ಲಿಗೇ ಹೋದರೂ ಪ್ಯಾಕೇಜಿನಲ್ಲಿ ಅರಿವಳಿಕೆ ವೈದ್ಯರ ಶುಲ್ಕ, ಔಷಧಿ, ಮಕ್ಕಳ ವೈದ್ಯರ ಭೇಟಿ ಸೇರಿದೆಯೇ ಎಂದು ಬರೆಯಿಸಿಕೋ. ಬಾಯಿ ಮಾತು ಬೇಡ.

ವಿಜಯಪುರದ ಮೇಷ್ಟ್ರ ಹೆಂಡತಿ
ಮೊಬೈಲು ನನ್ನ ಕೈಗೆ ಬಂತು. ಅಂಕಿ ಕೊಟ್ಟವರು ನಮ್ಮ ಯಜಮಾನರು, ನೋವು ತಿಂದವಳು ನಾನು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಜತೆಗೆ ಒಬ್ಬ ಹೆಣ್ಣುಮಗಳನ್ನು ಬಿಡಬೇಕೆಂದು ಹೆರಿಗೆ ಕೋಣೆಗಳನ್ನು ಸುಧಾರಿಸುವ ಸರ್ಕಾರದ ಲಕ್ಷ್ಯ ಕಾರ್ಯಕ್ರಮದಲ್ಲಿ ಇದೆ, 2017ರಿಂದ. ನಾವು ಹೋದ ಕಡೆ ಕೇಳಿದರೂ ಬಿಡಲಿಲ್ಲ. ಪರೀಕ್ಷೆಗೆ ಬಂದ ಹುಡುಗರು ಹೆಸರು ಕೇಳಲಿಲ್ಲ, ಮಂಚದ ನಂಬರು ಕೂಗಿದರು. ಒಬ್ಬ ಹುಡುಗಿ ಮಾತ್ರ ‘ಅಕ್ಕ, ಕೈ ತಣ್ಣಗಿದೆ, ಸ್ವಲ್ಪ ತಡೆಯಿರಿ’ ಎಂದು ಅಂಗೈ ಉಜ್ಜಿಕೊಂಡು ಆಮೇಲೆ ಮುಟ್ಟಿದಳು. ನೀವು ಹೋಗುವ ಕಡೆ ಜತೆಗೆ ಯಾರನ್ನು ಬಿಡುತ್ತಾರೆ ಎಂದು ಕೇಳಿ. ಬಿಡುವುದಾದರೆ ಸೋದರತ್ತೆಯನ್ನಲ್ಲ, ಅವ್ವನನ್ನೇ ಒಳಗೆ ಕರೆದುಕೊಳ್ಳಿ, ಅವರ ಸಿಟ್ಟೂ ಇಳಿಯುತ್ತದೆ.

ರಾಯಬಾಗದ ಆಯಿ
ಅಂಟಿನುಂಡಿಗೆ ಒಣಕೊಬ್ಬರಿ, ಉತ್ತತ್ತಿ ಈಗಲೇ ತಂದು ಒಣಗಿಸಿಡಲು ಹೇಳು. ಸಂಕ್ರಾಂತಿ ಹೊತ್ತಿಗೆ ದರ ಏರುತ್ತದೆ. ನೀರಿನ ಮಾತು ನಾನು ಬಿಟ್ಟಿಲ್ಲ ಸಿಸ್ಟರ್.