‘ವೆಸ್ಟ್ ಬೈರೂತ್’ ತೋರಿಸುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಝಿಯಾದ್ ದುವೈರಿಯವರ ‘ವೆಸ್ಟ್ ಬೈರೂತ್’ (1998) ಹಾಕುತ್ತಿದ್ದೇವೆ. ಲೆಬನಾನಿನ ಅಂತರ್ಯುದ್ಧದ ಪರಿಚಯವೇ ಇಲ್ಲದವರಿಗೆ ಮೊದಲು ಎಷ್ಟು ಹೇಳಬೇಕು ಸರ್?

ಉತ್ತರ: ಐದು ನಿಮಿಷ ಸಾಕು. 1943ರ ಒಪ್ಪಂದದಂತೆ ಅಲ್ಲಿ ಅಧ್ಯಕ್ಷರು ಮರೋನೈಟ್ ಕ್ರೈಸ್ತರು, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಸಂಸತ್ತಿನಲ್ಲಿ ಕ್ರೈಸ್ತರು, ಮುಸ್ಲಿಮರ ಪಾಲು ಆಗ 6:5 ಇತ್ತು. ಆದರೆ ಕೊನೆಯ ಜನಗಣತಿ ನಡೆದದ್ದು 1932ರಲ್ಲಿ. ಈ ಹಳೆಯ ಲೆಕ್ಕದ ಪಾಲಿನ ಬಗ್ಗೆ ಮುಸ್ಲಿಮರಿಗಿದ್ದ ಅಸಮಾಧಾನದ ಜೊತೆಗೆ ಪ್ಯಾಲೆಸ್ಟೀನಿ ಸಶಸ್ತ್ರ ಗುಂಪುಗಳ ವಿವಾದವೂ ಸೇರಿತು. 1975ರ ಏಪ್ರಿಲ್ 13ರಂದು ಬೈರೂತಿನ ಐನ್ ಅಲ್-ರುಮ್ಮಾನೆ ಬಡಾವಣೆಯಲ್ಲಿ ಫಲಾಂಜಿಸ್ಟರು (ಕ್ರೈಸ್ತ ಪಕ್ಷವೊಂದರ ಸಶಸ್ತ್ರ ಗುಂಪು) ಪ್ಯಾಲೆಸ್ಟೀನಿಯರಿದ್ದ ಬಸ್ಸಿನ ಮೇಲೆ ಗುಂಡು ಹಾರಿಸಿದರು. ಅಲ್ಲಿಂದ ಶುರುವಾದ ಯುದ್ಧ 1990ರವರೆಗೆ ನಡೆಯಿತು. ಕಥೆಯನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರಶ್ನೆ: ಬಸ್ಸಿನ ದೃಶ್ಯ ನಡೆದದ್ದು ನಡೆದಂತೆಯೇ ಇದೆಯಾ?

ಉತ್ತರ: ಇಲ್ಲ. ಆ ದಿನ ಭಾನುವಾರ. ಚಿತ್ರದಲ್ಲಿ ಫ್ರೆಂಚ್ ಶಾಲೆ ನಡೆಯುತ್ತಿದೆ. ಫ್ರೆಂಚ್ ರಾಷ್ಟ್ರಗೀತೆ ಹಾಡಿಸುವಾಗ ಕಥೆಯ ಮುಖ್ಯ ಹುಡುಗ ತಾರಿಕ್ ಮೆಗಾಫೋನ್ ಹಿಡಿದು ಲೆಬನಾನಿನ ಗೀತೆ ಹಾಡುತ್ತಾನೆ. ಆಮೇಲೆ ತರಗತಿಯಿಂದ ಹೊರಗಿದ್ದಾಗ ಬಸ್ಸಿನ ಹತ್ಯೆ ಅವನ ಕಣ್ಣಿಗೆ ಬೀಳುತ್ತದೆ. ಇದನ್ನು ತಪ್ಪೆಂದು ಎಣಿಸಬೇಡಿ, ಸಾಕ್ಷ್ಯಚಿತ್ರವೆಂದು ಪರಿಚಯಿಸಲೂ ಬೇಡಿ.

ಪ್ರಶ್ನೆ: ಚರ್ಚೆ ‘ಯಾರ ತಪ್ಪು’ ಅನ್ನುವಲ್ಲೇ ಸಿಕ್ಕಿಕೊಳ್ಳುತ್ತದೆ. ಏನು ಮಾಡೋಣ?

ಉತ್ತರ: ಮನೆಗಳಿಂದ ಶುರು ಮಾಡಿ. ನನ್ನ ಪ್ರಕಾರ ಚಿತ್ರದ ಜೀವ ಇರುವುದೇ ಅಲ್ಲಿ. ತಾರಿಕನ ತಾಯಿ ಹಾಲಾಗೆ ದೇಶ ಬಿಡಬೇಕು, ತಂದೆ ರಿಯಾದ್ ಒಪ್ಪುವುದಿಲ್ಲ. ಇಬ್ಬರ ಮಾತೂ ಸರಿ, ಅದಕ್ಕೇ ಆ ಜಗಳ ಬಗೆಹರಿಯುವುದಿಲ್ಲ. ಗೆಳೆಯ ಒಮರನ ಮನೆಯಲ್ಲಿ ಅಪ್ಪನಿಗೆ ಇದ್ದಕ್ಕಿದ್ದಂತೆ ನಮಾಜಿನ ಹಟ ಹುಟ್ಟುತ್ತದೆ. ಕ್ರೈಸ್ತ ಹುಡುಗಿ ಮೇ ಮುಸ್ಲಿಮರೇ ಹೆಚ್ಚಿರುವ ಪಶ್ಚಿಮ ಬೈರೂತಿನಲ್ಲಿ ಕೊರಳಲ್ಲಿ ಶಿಲುಬೆ ಹಾಕಿಕೊಂಡು ಓಡಾಡುತ್ತಾಳೆ. ಮೊದಲ ಪ್ರಶ್ನೆ ಹೀಗಿರಲಿ: ಹಾಲಾ ಜಾಗದಲ್ಲಿ ನೀವಿದ್ದರೆ ಯಾವ ದೃಶ್ಯದ ಹೊತ್ತಿಗೆ ಪೆಟ್ಟಿಗೆ ಕಟ್ಟುತ್ತಿದ್ದಿರಿ?

ಹುಡುಗರು ಚಿತ್ರೀಕರಿಸುವ ಸೂಪರ್-8 (ಮನೆಬಳಕೆಯ ಸಣ್ಣ ಫಿಲ್ಮ್) ರೀಲಿನ ಬಗ್ಗೆಯೂ ಒಂದು ಮಾತು ಹೇಳಿ. 50 ಅಡಿಯ ಕಾರ್ಟ್ರಿಜ್ ಸೆಕೆಂಡಿಗೆ 18 ಫ್ರೇಮಿನಂತೆ ಓಡಿದರೆ ಸಿಗುವುದು 3 ನಿಮಿಷ 20 ಸೆಕೆಂಡ್. ರೀಲು ತೊಳೆಸುವವರೆಗೆ ಏನೂ ಕಾಣದು. ಯುದ್ಧದಿಂದ ಬೈರೂತ್ ಪೂರ್ವ, ಪಶ್ಚಿಮ ಎಂದು ಎರಡಾದ ಮೇಲೆ ಅದನ್ನು ತೊಳೆಸುವುದೇ ಒಂದು ಸಾಹಸ. ಮೊಬೈಲ್ ಕಾಲದವರಿಗೆ ಇದು ತಾನಾಗಿ ಹೊಳೆಯುವುದಿಲ್ಲ.

ಪ್ರಶ್ನೆ: ಸಬ್‌ಟೈಟಲ್ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತಿದೆ.

ಉತ್ತರ: ಶುರುವಿನಿಂದಲೂ ಒಂದೇ ಅಂತರವಿದ್ದರೆ ಫೈಲನ್ನು ಅಷ್ಟು ಸೆಕೆಂಡ್ ಸರಿಸಿದರಾಯಿತು. ಅಂತರ ಬೆಳೆಯುತ್ತಿದ್ದರೆ ಫ್ರೇಮ್ ದರದ ತೊಂದರೆ: ವಿಡಿಯೊ ಸೆಕೆಂಡಿಗೆ 25 ಫ್ರೇಮ್, ಸಬ್‌ಟೈಟಲ್ 24ಕ್ಕೆ ಹೊಂದಿಸಿದ್ದು. ಒಂದು ಮುಕ್ಕಾಲು ಗಂಟೆಯ ಚಿತ್ರದಲ್ಲಿ ಕೊನೆಗೆ 4 ನಿಮಿಷದಷ್ಟು ತಪ್ಪುತ್ತದೆ. ಸಬ್‌ಟೈಟಲ್ ಎಡಿಟರ್‌ನಲ್ಲಿ 24ರಿಂದ 25ಕ್ಕೆ ಬದಲಿಸಿ, ಮೊದಲ, ನಡುವಿನ, ಕೊನೆಯ ಸಂಭಾಷಣೆಗಳನ್ನು ಹಿಂದಿನ ದಿನವೇ ಪರೀಕ್ಷಿಸಿ. ಮಾತು ಅರಬಿಯಲ್ಲೂ ಇದೆ, ಫ್ರೆಂಚಿನಲ್ಲೂ ಇದೆ. ಸಬ್‌ಟೈಟಲ್‌ನಲ್ಲಿ ಆ ವ್ಯತ್ಯಾಸ ಕಾಣದಿದ್ದರೆ ಮೊದಲೇ ತಿಳಿಸಿಬಿಡಿ.